ಕೆಲವರ ಬಲಹೀನತೆಯ ನಿಮಿತ್ತ

ಧಾರವಾಡ
ಸೋಮವಾರ ಸಂಜೆ

ಕರ್ತನಲ್ಲಿ ಪ್ರಿಯನಾದ ಮಗನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮವಾಗಿದ್ದೇವೆ. ಬೆಂಗಳೂರಿನಿಂದ ಬಂದು ಎಂಟು ದಿನವಾಯಿತು. ಬಂದ ಮರುದಿನವೇ ಬರೆಯಲು ಕುಳಿತವನು, ಕೋಪ ಇಳಿಯದೆ ಬರೆದದ್ದನ್ನು ಎರಡು ಸಲ ಹರಿದುಹಾಕಿದೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ‘ಆಯ್ತು ದೊಡ್ಡಪ್ಪ’ ಎಂದು ಮಾತು ಮುಗಿಸಿಬಿಡುತ್ತೀ ಎಂದು ನನಗೆ ಗೊತ್ತು.

ಆ ಭಾನುವಾರ ನಿನ್ನ ಗೇಟಿನ ಮುಂದೆ ಬಂದು ನಿಂತ ಇಬ್ಬರು ಹುಡುಗಿಯರು ಕಾಂಗೋ ದೇಶದವರು, ನರ್ಸಿಂಗ್ ಓದುತ್ತಿರುವವರು. ಬೆಳಿಗ್ಗೆ ಆರಾಧನೆಯಲ್ಲಿ ನಮ್ಮ ಮುಂದಿನ ಬೆಂಚಿನಲ್ಲಿಯೇ ಕುಳಿತಿದ್ದರು. ಪರಿಶುದ್ಧ ಭೋಜನಕ್ಕೆ, ಕರ್ತನ ಮೇಜಿನ ರೊಟ್ಟಿ ದ್ರಾಕ್ಷಾರಸಕ್ಕೆ, ಎದ್ದಾಗ ನಿನಗಿಂತ ಮುಂದೆ ಅವರು, ನಿನ್ನ ಹಿಂದೆ ನಾನು. ಅವರು ಕುಡಿದ ಬಟ್ಟಲಿನಿಂದಲೇ ನೀನೂ ಕುಡಿದೆ. ಅದಾಗಿ ಎರಡು ಗಂಟೆಯೂ ಕಳೆದಿರಲಿಲ್ಲ, ನೀನು ಗೇಟಿನ ಚಿಲಕದ ಮೇಲೆ ಇಟ್ಟ ಕೈಯನ್ನು ತೆಗೆಯದೆ, ಮಹಡಿ ಮನೆ ಈಗಾಗಲೇ ಬೇರೆಯವರಿಗೆ ಕೊಟ್ಟಾಯಿತು ಎಂದು ಹೇಳಿ ಅವರನ್ನು ಕಳಿಸಿದೆ. ‘ಟು ಲೆಟ್’ ಬೋರ್ಡು ಅವರ ತಲೆಯ ಮೇಲೆಯೇ ತೂಗುತ್ತಿತ್ತು. ದೊಡ್ಡವಳು ಅದನ್ನೊಮ್ಮೆ ನೋಡಿದಳು. ಏನೂ ಅನ್ನದೆ ‘ಥ್ಯಾಂಕ್ಯೂ ಅಂಕಲ್’ ಎಂದು ನನ್ನ ಕಡೆ ತಿರುಗಿ ಹೇಳಿ ಹೋದಳು. ಆ ಥ್ಯಾಂಕ್ಸ್ ನನಗೆ ಈಗಲೂ ಗಂಟಲಲ್ಲಿ ಮುಳ್ಳಿನಂತಿದೆ.

ಊಟಕ್ಕೆ ಕುಳಿತಾಗ ನಾನು ಕೇಳಿದ್ದಕ್ಕೆ ನೀನು ಹೇಳಿದ ಮಾತು ಇದು: ‘ನನಗೇನೂ ಇಲ್ಲ ದೊಡ್ಡಪ್ಪ, ನಾನು ಹಾಗೆಲ್ಲ ನೋಡುವವನಲ್ಲ. ಆದರೆ ಓಣಿಯವರು ಒಪ್ಪುವುದಿಲ್ಲ, ಕೆಳಗಿನ ಬಾಡಿಗೆಯವರು ಬಿಟ್ಟು ಹೋಗುತ್ತಾರೆ.’ ನನಗೆ ಹೇಳಿದ ಈ ಮಾತು ಸುಳ್ಳು ಎಂದು ನಾನು ಅನ್ನುವುದಿಲ್ಲ. ನಿನ್ನ ಮನಸ್ಸಿನಲ್ಲಿ ದ್ವೇಷವಿಲ್ಲ ಎಂಬುದನ್ನೂ ನಂಬುತ್ತೇನೆ. ಆದರೆ ಈ ಒಂದು ಮಾತಿಗೆ ಕ್ರೈಸ್ತ ಸಭೆಯ ಚರಿತ್ರೆಯಲ್ಲಿ ಬಹು ದೊಡ್ಡ ವಂಶಾವಳಿ ಇದೆ, ಅದನ್ನು ನಿನಗೆ ತಿಳಿಸಬೇಕೆಂದೇ ಈ ಪತ್ರ.

ದಕ್ಷಿಣ ಆಫ್ರಿಕಾಕ್ಕೆ ಡಚ್ಚರು ತಂದ ಪ್ರೊಟೆಸ್ಟೆಂಟ್ ಪಂಗಡವಾದ ಡಚ್ ರಿಫಾರ್ಮ್ಡ್ ಸಭೆಯ ವಿಷಯ ನೀನು ಕೇಳಿರಬಹುದು. ಕರಿಯ ವಿಶ್ವಾಸಿಗಳಿಗೂ ಬಿಳಿಯರಿಗೂ ಕರ್ತನ ಭೋಜನವನ್ನು ಬೇರೆಬೇರೆಯಾಗಿ ಕೊಡಬಹುದೇ ಎಂಬ ಪ್ರಶ್ನೆ 1829ರಲ್ಲಿ ಕೇಪ್ ಪ್ರಾಂತದ ಆ ಸಭೆಯ ಸಿನೊಡ್‌ನ, ಎಂದರೆ ಹಿರಿಯರ ಮಹಾಸಭೆಯ, ಮುಂದೆ ಬಂದಾಗ, ಬಣ್ಣವನ್ನಾಗಲಿ ಹುಟ್ಟನ್ನಾಗಲಿ ನೋಡದೆ ಎಲ್ಲರಿಗೂ ಒಟ್ಟಿಗೇ ಕೊಡತಕ್ಕದ್ದು, ಅದು ದೇವರ ವಾಕ್ಯದಿಂದಲೇ ಬಂದ ಕದಲಿಸಲಾಗದ ನಿಯಮ ಎಂದು ಹಿರಿಯರು ತೀರ್ಮಾನಿಸಿದರು. ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ಇಪ್ಪತ್ತೆಂಟು ವರ್ಷಗಳಾದ ಮೇಲೆ, 1857ರಲ್ಲಿ, ಅದೇ ಸಿನೊಡ್ ಮತ್ತೆ ಕೂಡಿತು. ಈ ಸಲವೂ ಅವರು ವಾಕ್ಯವನ್ನು ಅಲ್ಲಗಳೆಯಲಿಲ್ಲ. ಒಂದೇ ಸಭೆಯಾಗಿರುವುದೇ ಅಪೇಕ್ಷಣೀಯ, ಅದೇ ಶಾಸ್ತ್ರಾನುಸಾರ ಎಂದು ಬರೆದುಕೊಂಡೇ, ಎಲ್ಲಿ ‘ಕೆಲವರ ಬಲಹೀನತೆಯ ನಿಮಿತ್ತ’ ಅದಕ್ಕೆ ಅಡ್ಡಿಯಾಗುತ್ತದೋ ಅಲ್ಲಿ ಕರಿಯ ವಿಶ್ವಾಸಿಗಳು ಬೇರೆ ಕಟ್ಟಡದಲ್ಲಿ ಕೂಡಲಿ ಎಂದು ಅನುಮತಿ ಕೊಟ್ಟರು. ಮಗನೇ, ಈ ವಾಕ್ಯವನ್ನು ನಿಧಾನವಾಗಿ ಓದು. ಬಲಹೀನರು ಬಿಳಿಯರು, ಹೊರಗೆ ಹೋಗಬೇಕಾದವರು ಕರಿಯರು. ನಿನ್ನ ಓಣಿಯವರ ಬಲಹೀನತೆಗೆ ಆ ಹುಡುಗಿಯರು ಬಿಸಿಲಿನಲ್ಲಿ ಇನ್ನೊಂದು ಮನೆ ಹುಡುಕಿಕೊಂಡು ಹೋಗಬೇಕಾದ ಹಾಗೆ.

ಬಲಹೀನರಿಗೆಂದು ಕೊಟ್ಟ ಆ ರಿಯಾಯಿತಿ ರಿಯಾಯಿತಿಯಾಗಿ ಉಳಿಯಲಿಲ್ಲ. 1881ರಲ್ಲಿ ಬಿಳಿಯರಲ್ಲದವರಿಗೆ ಪ್ರತ್ಯೇಕ ಮಿಷನ್ ಸಭೆಯೇ ಹುಟ್ಟಿತು. 1948ರಲ್ಲಿ ವರ್ಣಭೇದವನ್ನೇ ನೀತಿಯಾಗಿ ಸಾರಿದ ಪಕ್ಷ ಅಧಿಕಾರಕ್ಕೆ ಬಂತು. ಅದರ ಪ್ರಧಾನಿ ಡಿ. ಎಫ್. ಮಲಾನ್ ಅದೇ ಸಭೆಯಲ್ಲಿ ಹಿಂದೆ ಸಭಾಪಾಲಕನಾಗಿದ್ದವನು. ಎರಡು ವರ್ಷಗಳಲ್ಲಿ ಯಾರು ಯಾವ ಪ್ರದೇಶದಲ್ಲಿ ಮನೆ ಮಾಡಬಹುದು, ಯಾರು ಮಾಡಕೂಡದು ಎಂಬುದಕ್ಕೂ ಕಾಯಿದೆ ಬಂತು. ಕರ್ತನ ಮೇಜಿನಲ್ಲಿ ಸುರುವಾದದ್ದು ಬಾಡಿಗೆ ಮನೆಯವರೆಗೆ ಬಂದು ಮುಟ್ಟಲು ನೂರು ವರ್ಷವೂ ಬೇಕಾಗಲಿಲ್ಲ. ನಮ್ಮಲ್ಲಿ ಅದು ಬಾಡಿಗೆ ಮನೆಯಿಂದ ಮೇಜಿನ ಕಡೆಗೆ ಹೊರಟಿದೆ ಎಂಬುದೇ ನನ್ನ ಭಯ. ಮುಂದಿನ ಭಾನುವಾರ ಆ ಹುಡುಗಿಯರು ಅದೇ ಬೆಂಚಿನಲ್ಲಿ ಕುಳಿತಿದ್ದರೆ ನೀನು ಎಲ್ಲಿ ಕುಳಿತೆ ಎಂದು ನಾನು ಕೇಳುವುದಿಲ್ಲ, ನೀನೇ ನೋಡಿಕೋ.

ಇದರ ಇನ್ನೊಂದು ತುದಿಯನ್ನೂ ಹೇಳಬೇಕು. 1982ರಲ್ಲಿ ಲೋಕದ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಕೆನಡಾದ ಒಟ್ಟಾವಾದಲ್ಲಿ ಕೂಡಿ, ವರ್ಣಭೇದ ಪಾಪವೆಂದೂ ಅದಕ್ಕೆ ದೇವರ ವಾಕ್ಯದ ಸಮರ್ಥನೆ ಕೊಡುವುದು ದುರ್ಬೋಧನೆಯೆಂದೂ ಸಾರಿತು. ದುರ್ಬೋಧನೆ ಎಂಬ ಪದವನ್ನು ಗಮನಿಸು. ಕೆಟ್ಟ ರಾಜಕೀಯ ಎಂದು ಹೇಳಿ ಬಿಡಬಹುದಿತ್ತು. ಅವರು ಹಾಗೆ ಬಿಡಲಿಲ್ಲ, ಏಕೆಂದರೆ ಅಲ್ಲಿ ಕೆಟ್ಟದ್ದು ನಂಬಿಕೆಯೇ ಆಗಿತ್ತು. ಅದೇ ವರ್ಷ ಆ ಪ್ರತ್ಯೇಕ ಮಿಷನ್ ಸಭೆಯವರೇ ಬೆಲ್‌ಹಾರ್ ಎಂಬಲ್ಲಿ ಒಂದು ವಿಶ್ವಾಸ ಪ್ರಮಾಣದ ಕರಡನ್ನು ಬರೆದು, 1986ರಲ್ಲಿ ಅಂಗೀಕರಿಸಿದರು. ಹೊರಗೆ ಹಾಕಿಸಿಕೊಂಡವರು ಒಳಗಿನವರಿಗೆ ವಿಶ್ವಾಸ ಎಂದರೇನೆಂದು ಕಲಿಸಬೇಕಾಯಿತು. 1990ರಲ್ಲಿ ರಸ್ಟೆನ್‌ಬರ್ಗಿನಲ್ಲಿ ಬಿಳಿಯರ ಸಭೆಯ ಪಂಡಿತ ವಿಲ್ಲಿ ಯೋಂಕರ್ ಎಲ್ಲರೆದುರು ಎದ್ದು ನಿಂತು ತನ್ನ ಮತ್ತು ತನ್ನ ಸಭೆಯ ಅಪರಾಧವನ್ನು ಅರಿಕೆಮಾಡಿದಾಗ, ಕರಿಯ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಎದ್ದು ಅದನ್ನು ಸ್ವೀಕರಿಸಿದರು.

ನೀನು ಕೇಳಬಹುದು: ಬಾಡಿಗೆ ಎಂಬುದು ವ್ಯವಹಾರ, ಅದಕ್ಕೂ ಸುವಾರ್ತೆಗೂ ಏನು ಸಂಬಂಧ? ಪೇತ್ರನ ಸಂಗತಿಯನ್ನು ನೆನಪಿಸಿಕೋ. ಅಂತಿಯೋಕ್ಯದಲ್ಲಿ ಅವನು ಯೆಹೂದ್ಯರಲ್ಲದ ಅನ್ಯಜನರ ಸಂಗಡ ಕುಳಿತು ಊಟಮಾಡುತ್ತಿದ್ದ. ಯೆರೂಸಲೇಮಿನಿಂದ ಕೆಲವರು ಬಂದ ಮೇಲೆ, ಅವರಿಗೆ ಅಂಜಿ, ಹಿಂದೆಗೆದು ಬೇರೆಯಾದ. ಅವನಿಗೂ ಅನ್ಯಜನರ ಮೇಲೆ ದ್ವೇಷವಿರಲಿಲ್ಲ. ಅನ್ಯಜನರವನಾದ ಕೊರ್ನೇಲ್ಯನ ಮನೆಗೆ ಹೋಗಿ ಬಂದವನು ಅವನು. ಅವನಿಗಿದ್ದದ್ದು ಜನ ಏನಂದಾರು ಎಂಬ ಭಯವಷ್ಟೇ. ಆದರೂ ಪೌಲನು ಎಲ್ಲರೆದುರು ಅವನನ್ನು ಗದರಿಸಿ, ಇದು ಸುವಾರ್ತೆಯ ಸತ್ಯಕ್ಕೆ ಸರಿಯಾದ ನಡತೆಯಲ್ಲ ಎಂದನು. ಒಂದು ಊಟದ ಪಂಕ್ತಿಗೆ ಇಷ್ಟು ದೊಡ್ಡ ಮಾತು ಯಾಕೆ? ನಮ್ಮನ್ನು ದೇವರು ಸೇರಿಸಿಕೊಂಡದ್ದು ನಮ್ಮ ಹುಟ್ಟನ್ನು ನೋಡಿ ಅಲ್ಲ, ಬರೀ ಕೃಪೆಯಿಂದ. ಆ ಬಾಗಿಲಿನಿಂದ ಒಳಗೆ ಬಂದವನು ಇನ್ನೊಬ್ಬನ ಹುಟ್ಟನ್ನು ಕೇಳತೊಡಗಿದರೆ, ತಾನು ಬಂದ ಬಾಗಿಲನ್ನೇ ಇಲ್ಲವೆಂದ ಹಾಗಾಯಿತು. ಆದ್ದರಿಂದ ಇದು ಬಾಯಿಂದ ವಿಶ್ವಾಸ ಪ್ರಮಾಣ ಹೇಳಿ ಕೈಯಿಂದ ಅದನ್ನು ಅಳಿಸಿದಂತೆ. ಬಡವನಿಗೆ ‘ನೀನು ಅಲ್ಲೇ ನಿಂತುಕೋ’ ಎನ್ನುವವರ ವಿಷಯ ಯಾಕೋಬನು ತನ್ನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಗೇಟಿನ ಚಿತ್ರ ಮನಸ್ಸಿನಲ್ಲಿ ಇಟ್ಟುಕೊಂಡು ಇನ್ನೊಮ್ಮೆ ಓದು.

ಆಫ್ರಿಕಾದವರು ನೋಹನ ಮಗ ಹಾಮನ ಶಾಪ ಹೊತ್ತವರು ಎಂಬ ಮಾತನ್ನು ನಿನ್ನ ಗೆಳೆಯನೊಬ್ಬ ಅಂದು ತೆಗೆದದ್ದು ನನಗೆ ಕೇಳಿಸಿತು. ಅದು ನೆಟ್ಟಗೆ ಓದದವರ ಮಾತು. ಆದಿಕಾಂಡದಲ್ಲಿ ಶಾಪ ನುಡಿದವನು ನೋಹ, ದೇವರಲ್ಲ. ಶಾಪ ಬಿದ್ದದ್ದು ಹಾಮನ ಮಗ ಕಾನಾನನ ಮೇಲೆ, ಆಫ್ರಿಕಾದ ಜನರ ಮೂಲ ಎನ್ನುವ ಇನ್ನೊಬ್ಬ ಮಗ ಕೂಷನ ಮೇಲಲ್ಲ. ಗುಲಾಮರನ್ನು ಮಾರುತ್ತಿದ್ದವರಿಗೆ ಆ ತಪ್ಪು ಓದು ಬೇಕಾಗಿತ್ತು, ನಮಗೆ ಬೇಕಾಗಿಲ್ಲ. ಮೋಶೆ ಕೂಷ್ ದೇಶದ ಹೆಣ್ಣನ್ನು ಮದುವೆಯಾದನೆಂದು ಆಡಿಕೊಂಡ ಅವನ ಅಕ್ಕ ಮಿರ್ಯಾಮಳಿಗೆ ತೊನ್ನು ಹತ್ತಿ ಮೈಯೆಲ್ಲ ಹಿಮದ ಹಾಗೆ ಬೆಳ್ಳಗಾದದ್ದನ್ನು ಅವನಿಗೆ ಓದಿಸು. ಬಿಳುಪಿನ ಹಂಬಲಕ್ಕೆ ಅದಕ್ಕಿಂತ ಚುರುಕಾದ ಉತ್ತರ ನನಗಂತೂ ಕಂಡಿಲ್ಲ.

ಇಷ್ಟೆಲ್ಲ ಬರೆಯುವ ಅಧಿಕಾರ ನನಗಿದೆಯೇ ಎಂದು ಈ ವಾರವೆಲ್ಲ ಯೋಚಿಸಿದೆ. ಹಳಿಯಾಳದ ಕಡೆ ಮಾಸ್ತರನಾಗಿದ್ದ ಮೊದಲ ವರ್ಷದ ಸಂಗತಿಯನ್ನು ನಾನು ನಿನ್ನ ದೊಡ್ಡಮ್ಮನಿಗೂ ಹೇಳಿಲ್ಲ. ಅಲ್ಲಿನ ಸಿದ್ದಿಗಳಲ್ಲಿ ಅನೇಕರು ಕ್ರೈಸ್ತರು. ಪೋರ್ಚುಗೀಸರು ಹಡಗುಗಳಲ್ಲಿ ತಂದು ಗೋವೆಯಲ್ಲಿ ಮಾರಿದ ಆಫ್ರಿಕಾದವರ ಸಂತತಿ ಅವರಲ್ಲಿದೆ. ನನ್ನ ತರಗತಿಯ ಒಬ್ಬ ಸಿದ್ದಿ ಹುಡುಗ ಕ್ರಿಸ್‌ಮಸ್ಸಿನ ಹಿಂದಿನ ದಿನ, ಮೂರು ಮೈಲಿ ನಡೆದು ಬಂದು, ಮರುದಿನ ಊಟಕ್ಕೆ ಬರಬೇಕೆಂದು ಕರೆದ. ಬರುತ್ತೇನೆಂದು ಹೇಳಿದೆ. ರಾತ್ರಿ ಜೊತೆಯ ಮಾಸ್ತರರಿಬ್ಬರು ‘ಸಿದ್ದಿಗಳ ಮನೆಗೆ ಉಣ್ಣಲು ಹೋಗುತ್ತೀಯಾ’ ಎಂದು ನಕ್ಕರು. ನಾನೂ ಅವರ ಜೊತೆ ನಕ್ಕೆ, ಜ್ವರವೆಂದು ಹೇಳಿ ಕಳಿಸಿದೆ. ಮರುದಿನ ಇಡೀ ಮಧ್ಯಾಹ್ನ ಕಾಡಿನಾಚೆಯಿಂದ ಅವರ ದಮಾಮ್ ಡೋಲಿನ ಬಡಿತ ಕೇಳುತ್ತಲೇ ಇತ್ತು. ರಜೆ ಮುಗಿದು ಶಾಲೆ ಸುರುವಾದಾಗ ಆ ಹುಡುಗ ಎಲೆಯಲ್ಲಿ ಕಟ್ಟಿದ ಜೇನುತುಪ್ಪವನ್ನು ನನ್ನ ಮೇಜಿನ ಮೇಲಿಟ್ಟು, ‘ಜ್ವರಕ್ಕೆ ಒಳ್ಳೆಯದು ಸರ್’ ಎಂದ. ನಮ್ಮ ಹಿರಿಯರು ಬಾಸೆಲ್ ಮಿಷನ್ನಿನ ಕಾಲದಲ್ಲಿ ಸಭೆಗೆ ಸೇರುವಾಗ, ಜಾತಿಯನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕೆಂಬ ಕಟ್ಟಳೆಗೆ ಒಪ್ಪಿ ಸೇರಿದವರು. ಅವರ ಮೊಮ್ಮಗ ನಾನು ಮಾಡಿದ್ದು ಇದು.

ನಿನ್ನ ಕಷ್ಟ ನನಗೆ ತಿಳಿಯದೆ ಇಲ್ಲ. ಸಾಲದ ಕಂತು ಇದೆ. ಓಣಿಯಲ್ಲಿ ಮುಖ ಕೊಟ್ಟು ಬದುಕಬೇಕು. ಗದ್ದಲವಾದೀತೆಂಬ ಅಂಜಿಕೆಯಿದ್ದರೆ ಎಲ್ಲ ಬಾಡಿಗೆದಾರರಿಗೂ ಹಾಕುವ ಷರತ್ತುಗಳನ್ನೇ ಕರಾರಿನಲ್ಲಿ ಬರೆಸು, ಅವರಿಗೆಂದು ಒಂದನ್ನೂ ಹೆಚ್ಚಿಗೆ ಸೇರಿಸಬೇಡ. ಮುಂಗಡವನ್ನೂ ಅಷ್ಟೇ ತೆಗೆದುಕೋ. ಪರದೇಶದವರಿಗೆ ಮನೆ ಕೊಟ್ಟರೆ ಅವರ ವಿವರವನ್ನು ಸರ್ಕಾರಕ್ಕೆ ತಿಳಿಸುವ ಫಾರ್ಮ್ ತುಂಬಬೇಕಾಗುತ್ತದೆ, ಅವರು ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿಯೇ ಅದನ್ನು ಮುಗಿಸಬೇಕು. ಓಣಿಯವರು ಬಂದು ಕೇಳಿದರೆ, ಇವರು ನಮ್ಮ ಸಭೆಯವರು ಎಂದು ಹೇಳು; ಇನ್ನೇನೂ ಹೇಳಬೇಕಾಗಿಲ್ಲ. 2016ರ ಜನವರಿಯ ಕೊನೆಯಲ್ಲಿ ಹೆಸರಘಟ್ಟದ ಕಡೆ ಸೂಡಾನಿನವನೊಬ್ಬನ ಕಾರು ಬಡಿದು ಹೆಣ್ಣುಮಗಳೊಬ್ಬಳು ಸತ್ತಾಗ, ಆಮೇಲೆ ಆ ದಾರಿಯಲ್ಲಿ ಬಂದ, ಅದಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಜನ ಹಿಡಿದು ಹೊಡೆದದ್ದು ನಿನಗೆ ನೆನಪಿರಬೇಕು. ಪರವೂರಿನಲ್ಲಿ ಇಂಥ ಸುದ್ದಿ ಕೇಳಿಕೊಂಡು ಬದುಕುವ ಹುಡುಗಿಯರಿಗೆ, ಸಭೆಯವರ ಮನೆಯ ಮಹಡಿ ಎಂದರೆ ಬರೀ ಎರಡು ಕೋಣೆಯಲ್ಲ.

ಅವರು ಹೋಗುವಾಗ ನಾನು ಹಿಂದೆಯೇ ಹೋಗಿ ತಿರುವಿನಲ್ಲಿ ಮಾತಾಡಿಸಿದೆ. ನೀನು ಒಳಗೆ ಕೈ ತೊಳೆಯುತ್ತಿದ್ದೆ. ದೊಡ್ಡವಳು ಬೆಳಗಿನ ಆರಾಧನಾ ಕ್ರಮದ ಹಾಳೆಯ ಹಿಂದೆ ತನ್ನ ನಂಬರು ಬರೆದುಕೊಟ್ಟಳು. ನಿನ್ನೆಯವರೆಗೂ ಅವರಿಗೆ ಮನೆ ಸಿಕ್ಕಿರಲಿಲ್ಲ. ಹಾಳೆಯನ್ನು ಈ ಪತ್ರದೊಳಗೆ ಮಡಿಸಿಟ್ಟಿದ್ದೇನೆ.

ನಿನ್ನ ದೊಡ್ಡಪ್ಪ