ಜೋಗಕ್ಕೆ ಹೋಗುವ ಮುನ್ನ ಸಾಗರದಲ್ಲೊಂದು ಸಂಜೆ

ಪ್ರಿಯ ಗೆಳೆಯ,

ಇಲ್ಲಿ ಎಲ್ಲರೂ ಕ್ಷೇಮ. ಮನೆಮಂದಿಯೊಡನೆ ಜೋಗಕ್ಕೆ ಬರುವ ಯೋಚನೆಯಿದೆ, ಸಾಗರದಲ್ಲಿ ಬಸ್ಸು ಬದಲಿಸುವುದನ್ನು ಬಿಟ್ಟರೆ ಬೇರೆ ಕೆಲಸವೇನಾದರೂ ಇದೆಯೇ ಎಂದು ಕೇಳಿದ್ದೀಯೆ. ಕಳೆದ ಭಾನುವಾರ ಅಮ್ಮ, ನನ್ನಾಕೆ ಮತ್ತು ಮಗಳೊಡನೆ ಗಣಪತಿ ಕೆರೆಯ ಕಡೆಗೆ ತಿರುಗಾಡಲು ಹೋಗಿದ್ದೆ. ಅದನ್ನೇ ಬರೆಯುತ್ತೇನೆ, ಕೆಲಸವಿದೆಯೋ ಇಲ್ಲವೋ ಎಂಬುದನ್ನು ನೀನೇ ತೀರ್ಮಾನಿಸು.

ಕೆಳದಿಯ ಸದಾಶಿವ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಸದಾಶಿವ ಸಾಗರವೇ ಇಂದಿನ ಗಣಪತಿ ಕೆರೆ. ಒಂದು ಬದಿಗೆ ಕೆಳದಿ, ಇನ್ನೊಂದು ಬದಿಗೆ ಇಕ್ಕೇರಿ, ಎರಡೂ ಆ ಮನೆತನದ ರಾಜಧಾನಿಗಳೇ. ನಡುವೆ ಈ ನೀರು. ರಾಜಧಾನಿ ಮುಂದೆ ಬಿದನೂರಿಗೆ ಹೋಯಿತು, 1763ರಲ್ಲಿ ಹೈದರಾಲಿಯ ಕೈಗೆ ಬಿದ್ದು ರಾಜ್ಯವೇ ಮುಗಿಯಿತು. ಕೆರೆಯ ದಂಡೆಯಲ್ಲಿ ಮಾತ್ರ ಊರು ಬೆಳೆಯುತ್ತಲೇ ಬಂದಿದೆ.

ಈ ಬಾರಿ ಕೆರೆ ತುಂಬಿದೆ. ದಂಡೆಯ ಮೇಲೆ ನಿಂತು ಮಗಳು, ಇಷ್ಟೊಂದು ಮಳೆ ಸುರಿಯುವ ಊರಿಗೆ ಕೆರೆ ಯಾಕೆ ಬೇಕಿತ್ತು ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಬಿದ್ದ ಮಳೆಯೆಲ್ಲ ಹಳ್ಳ ಹಿಡಿದು ಹೋಗ್ತದೆ ಪುಟ್ಟಿ, ಶಿವರಾತ್ರಿ ಕಳೆದ ಮೇಲೆ ನಮ್ಮೂರ ಬಾವಿಗಳನ್ನು ನೋಡಬೇಕು ನೀನು" ಎಂದರು. ಇದಕ್ಕಿಂತ ಚೆನ್ನಾಗಿ ನಾನು ಹೇಳುತ್ತಿರಲಿಲ್ಲ. ನಾಲ್ಕು ತಿಂಗಳು ಬೇಡವೆನ್ನುವಷ್ಟು ಸುರಿದ ನೀರು ಇಳಿಜಾರಿನಲ್ಲಿ ನಿಲ್ಲುವುದಿಲ್ಲ, ಅಡಿಕೆ ತೋಟಕ್ಕಾದರೋ ಬೇಸಿಗೆಯಲ್ಲೇ ನೀರು ಬೇಕು; ಆದ್ದರಿಂದ ಏರಿ ಕಟ್ಟಿ, ತೂಬಿನಿಂದ ಬೇಕಾದಷ್ಟನ್ನೇ ಬಿಟ್ಟು, ಹೆಚ್ಚಾದದ್ದನ್ನು ಕೋಡಿಯಲ್ಲಿ ಹರಿಸುವ ಏರ್ಪಾಡನ್ನು ಮಲೆನಾಡಿನವರೂ ಬಯಲುಸೀಮೆಯವರಷ್ಟೇ ಶ್ರದ್ಧೆಯಿಂದ ಮಾಡಿಕೊಂಡರು. ಕೆರೆಯಲ್ಲಿ ನೀರಿದ್ದರೆ ಸುತ್ತಲಿನ ಬಾವಿಗಳಿಗೂ ಒಸರು ಇರುತ್ತದೆ.

ಭಾನುವಾರದ ಸಂಜೆ ಇಲ್ಲಿ ಮೌನ ಹುಡುಕಬೇಡ. ಮಕ್ಕಳ ಕೂಗಾಟ, ದೇವಸ್ಥಾನದ ಗಂಟೆ, ಬಿ.ಎಚ್. ರಸ್ತೆಯ ಹಾರ್ನು, ಚುರುಮುರಿಯವನು ಪಾತ್ರೆಗೆ ಚಮಚ ಬಡಿಯುವ ಸದ್ದು ಎಲ್ಲವೂ ಒಟ್ಟಿಗೇ ಕೇಳುತ್ತವೆ. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನಾಚೆಯ ಸಿಗಂದೂರು ದೇವಸ್ಥಾನಕ್ಕೆ ಹೋಗುವ ಸೇತುವೆ ತೆರೆದ ಮೇಲಂತೂ ವಾರಾಂತ್ಯದಲ್ಲಿ ಅಮ್ಮನನ್ನು ರಸ್ತೆ ದಾಟಿಸುವುದೇ ಒಂದು ಸಾಹಸ. ಆದರೂ ಈ ಜನಜಂಗುಳಿ ಕೆರೆಗೆ ಒಳ್ಳೆಯದೆಂದೇ ನನ್ನ ಎಣಿಕೆ. ಹತ್ತು ಮಂದಿ ನೋಡುತ್ತಿರುವಾಗ ಕಸದ ಚೀಲವನ್ನು ನೀರಿಗೆಸೆಯಲು ಯಾರಿಗಾದರೂ ಕೈ ತಡೆಯುತ್ತದೆ.

ಅಲ್ಲಿಂದ ಪೇಟೆಯ ಕಡೆಗೆ ನಡೆದೆವು. ಮರದ ಕೆತ್ತನೆ ಮಾಡುವ ಗುಡಿಗಾರರ ಅಂಗಡಿಯೊಂದು ತೆರೆದಿತ್ತು. ಶ್ರೀಗಂಧ ಈಗ ಸುಲಭಕ್ಕೆ ಸಿಗುವ ವಸ್ತುವಲ್ಲ. ಆ ಹಿರಿಯರು ಶಿವಣೆ ಮರದ ಹಲಗೆಯೊಂದರಲ್ಲಿ ಬಳ್ಳಿ ಬಿಡಿಸುತ್ತಿದ್ದರು. ಬಳ್ಳಿಯ ಸುರುಳಿಯೊಳಗೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಹಕ್ಕಿ. ಸಣ್ಣ ಉಳಿಯ ತುದಿಯನ್ನು ಒತ್ತಿ, ಒಂದು ಸಲ ತಿರುಗಿಸಿ, ಬಾಯಿಂದ ಪುಡಿಯನ್ನು ಊದಿದಾಗ ಹಕ್ಕಿಗೆ ಕಣ್ಣು ಬಂದಿತ್ತು. ಮಗಳು ಅಲ್ಲಿಂದ ಕದಲಲಿಲ್ಲ. ಗೋಡೆಗೆ ಮದುವೆಯ ಬಾಸಿಂಗಗಳನ್ನು ತೂಗುಹಾಕಿದ್ದರು. ಅವುಗಳಿಗೆ ಬೇಕಾದ ಬೆಂಡು ಬೆಳೆಯುವುದು ಕೆರೆ, ಜೌಗುಗಳಲ್ಲೇ ಎಂದು ಅವರು ಹೇಳಿದಾಗ ನನ್ನಾಕೆ ನನ್ನ ಮುಖ ನೋಡಿದಳು. ಮದುವೆಯಲ್ಲಿ ನಾನು ಬಾಸಿಂಗ ಕಟ್ಟಿಸಿಕೊಳ್ಳಲು ತಕರಾರು ತೆಗೆದದ್ದನ್ನು ಅವಳು ಮರೆತಿಲ್ಲ.

ತೊಡೆದೇವು ಕೊಳ್ಳದೆ ಬರುವಂತಿರಲಿಲ್ಲ. ಅಕ್ಕಿಹಿಟ್ಟು, ಕಬ್ಬಿನಹಾಲು ಕಲಸಿದ ಸಂಪಣದಲ್ಲಿ ಬಟ್ಟೆ ಅದ್ದಿ, ಒಲೆಯ ಮೇಲೆ ಬೋರಲು ಹಾಕಿದ ಮಣ್ಣಿನ ಮಡಕೆಗೆ ಒಮ್ಮೆ ಸವರಿ, ಗರಿಗರಿಯಾಗುವ ಮುನ್ನವೇ ಮಡಚಿ ತೆಗೆಯುವ ಈ ತಿನಿಸನ್ನು ನೀವು ಅಲ್ಲಿ ಪೊಟ್ಟಣದಲ್ಲಿ ಮಾತ್ರ ಕಂಡಿರುತ್ತೀರಿ. ಮಕ್ಕಳಿಗೆ ತುಪ್ಪ ಹಾಕಿ ಕೊಡು; ಹಾಲಿನಲ್ಲಿ ನೆನೆಸಬೇಕೆಂದು ಅಮ್ಮನ ವಾದ, ಅದು ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಅಡಿಕೆ ಮಂಡಿಗಳು ಮುಚ್ಚಿದ್ದರೂ ಜಗಲಿಯ ಮೇಲೆ ಕುಳಿತವರು ರಾಶಿ ಅಡಿಕೆಗೆಷ್ಟು, ಬೆಟ್ಟೆ ಅಡಿಕೆಗೆಷ್ಟು ಎಂದೇ ಮಾತಾಡುತ್ತಿದ್ದರು. ಊರಿನ ಮುಖದ ಕಳೆ ಆ ವಾರದ ದರದ ಮೇಲಿರುತ್ತದೆ.

ಮೈಸೂರಿನಿಂದ ತಾಳಗುಪ್ಪಕ್ಕೆ ಬರುವ ರೈಲು ಹಿಡಿದು ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಿರಿ, ನಾನು ಬಂದಿರುತ್ತೇನೆ. ಜೋಗ ಇಲ್ಲಿಂದ ಸುಮಾರು 30 ಕಿ.ಮೀ. ಅಷ್ಟೇ, ಅದನ್ನು ಮರುದಿನ ಬೆಳಿಗ್ಗೆ ನೋಡಬಹುದು. ಬರುವ ದಿನ ಮೊದಲೇ ತಿಳಿಸು, ನೆಂಟರ ಮನೆಗೆ ಹೇಳಿಕಳುಹಿಸಿ ಬಿಸಿ ತೊಡೆದೇವು ಮಾಡಿಸಿಡಬೇಕೆಂದು ಅಮ್ಮ ಹೇಳಿದ್ದಾರೆ.

ಇಂತಿ ನಿನ್ನ ಗೆಳೆಯ