ನಿದ್ದೆಮಾತ್ರೆ ನುಂಗುವ ಮೊದಲು

ಚಿರಂಜೀವಿ ಮಂಜುನಾಥನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಗೃಹಪ್ರವೇಶದ ರಾತ್ರಿ ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಮಲಗಿದ್ದಾಗ ನಿನ್ನ ಗೊರಕೆಗೆ ಹುಡುಗರು ಕುಂಭಕರ್ಣನೆಂದು ನಕ್ಕರು. ನನಗೆ ನಗು ಬರಲಿಲ್ಲ. ಏರುತ್ತ ಹೋದ ಗೊರಕೆ ತಟ್ಟನೆ ನಿಲ್ಲುತ್ತಿತ್ತು, ಎದೆ ಏಳಲು ಹೆಣಗುತ್ತಿದ್ದರೂ ಉಸಿರಿನ ಸದ್ದಿರಲಿಲ್ಲ, ಗೋಡೆ ಗಡಿಯಾರದ ಸದ್ದನ್ನು ನಾನು 20ರವರೆಗೆ ಎಣಿಸುವ ಹೊತ್ತಿಗೆ ನೀನು ನೀರಿನಿಂದ ತಲೆಯೆತ್ತಿದವನಂತೆ ಏದುಸಿರೆಳೆದು ಮಗ್ಗುಲಾಗುತ್ತಿದ್ದೆ. ಬೆಳಿಗ್ಗೆ ನೀನು ಕಾಫಿ ಹಿಡಿದು, ಎಂಟು ಗಂಟೆ ಮಲಗಿದರೂ ತಲೆಭಾರ, ನಿದ್ದೆಮಾತ್ರೆ ತೆಗೆದುಕೊಳ್ಳಲೇ ಎಂದು ಕೇಳಿದೆ. ಬೇಡ. ಕೆಲವು ನಿದ್ದೆಮಾತ್ರೆಗಳೂ ಮದ್ಯವೂ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತವೆ, ನಿನ್ನ ತೊಂದರೆಯ ಮೂಲವೇ ಅಲ್ಲಿದ್ದಂತಿದೆ.

ಇದನ್ನು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನಿದ್ದೆಯಲ್ಲಿ ಗಂಟಲಿನ ದಾರಿ ಕುಸಿದು ಮುಚ್ಚಿಕೊಂಡಾಗ ರಕ್ತದ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಾಗಿ ನಮ್ಮನ್ನು ಅರೆಕ್ಷಣ ಎಬ್ಬಿಸುತ್ತದೆ, ಆ ಗಾಬರಿಗೆ ರಕ್ತದೊತ್ತಡ ಜಿಗಿಯುತ್ತದೆ. ಬೆಳಿಗ್ಗೆ ನಮಗೆ ಅದಾವುದೂ ನೆನಪಿರುವುದಿಲ್ಲ. ಕನಿಷ್ಠ 10 ಸೆಕೆಂಡು ಉಸಿರು ನಿಲ್ಲುವುದು ಅಥವಾ ಕುಗ್ಗುವುದು ಗಂಟೆಗೆ 5 ಬಾರಿ ದಾಟಿದರೆ ಕಾಯಿಲೆ, 30 ದಾಟಿದರೆ ತೀವ್ರವೆಂದು ಲೆಕ್ಕ. ನನಗೆ 41 ಇತ್ತು. ಮಾತ್ರೆ ಒಂದರಿಂದ ಮೂರಕ್ಕೇರಿದರೂ ಬಿಪಿ ಇಳಿಯದಿದ್ದಾಗ ವೈದ್ಯರು ಉಪ್ಪಿನ ಮಾತು ಬಿಟ್ಟು ಗೊರಕೆಯ ವಿಚಾರ ಕೇಳಿದರು. ನಿನ್ನ ಅತ್ತೆ ಅದನ್ನೇ ವರ್ಷಗಟ್ಟಲೆ ಹೇಳಿದ್ದಳು, ನಾನು ಗದರಿಸಿ ಸುಮ್ಮನಾಗಿಸಿದ್ದೆ. ಹೃದಯದ ಬಡಿತ ತಪ್ಪುವುದಕ್ಕೂ ಪಾರ್ಶ್ವವಾಯುವಿಗೂ ಸಕ್ಕರೆ ಕಾಯಿಲೆಗೂ ಇದರ ನಂಟಿದೆ. ದಪ್ಪಗಿರುವವರಿಗೆ ಹೆಚ್ಚು, ಆದರೆ ದವಡೆ ಚಿಕ್ಕದಿರುವ ತೆಳ್ಳಗಿನವರಿಗೂ ಬರುತ್ತದೆ, ಆದ್ದರಿಂದ ನಿನ್ನ ಸಣಕಲು ಮೈಯನ್ನು ನೆಪ ಮಾಡಬೇಡ.

ಪರೀಕ್ಷೆಗೆ ಒಂದು ರಾತ್ರಿ ತಲೆಗೂ ಎದೆಗೂ ವೈರು ಅಂಟಿಸಿಕೊಂಡು ಮಲಗಬೇಕು, ಅಷ್ಟೆ. ಕಾಯಿಲೆಯೆಂದು ಗೊತ್ತಾದರೆ ಚಿಕಿತ್ಸೆಯೂ ಇದೆ. 1981ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಪ್ರಕಟಿಸಿದ ಉಪಾಯದಿಂದ ಹುಟ್ಟಿದ ಸಿಪ್ಯಾಪ್ ಯಂತ್ರ, ಕೊಳವೆ ಜೋಡಿಸಿದ ಮಾಸ್ಕಿನಿಂದ ಮೂಗಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲು ಮುಚ್ಚದಂತೆ ಹಿಡಿದಿಡುತ್ತದೆ. ಮೊದಲ ವಾರ ನಾನದನ್ನು ನಡುರಾತ್ರಿ ಕಿತ್ತೆಸೆಯುತ್ತಿದ್ದೆ. ಅತ್ತೆ ಈಗಲೂ ಅದನ್ನು ಆನೆಸೊಂಡಿಲೆನ್ನುತ್ತಾಳೆ, ಆದರೆ ಅವಳೂ ಈಗ ಬೆಳಗಿನವರೆಗೆ ಮಲಗುತ್ತಾಳೆ.

ಹೆಂಡತಿಗೆ ಹೇಳಿ ನಿನ್ನ ಗೊರಕೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಸಿ ವೈದ್ಯರಿಗೆ ಕೇಳಿಸು. ಅಲ್ಲಿಯವರೆಗೆ ಸ್ಟಿಯರಿಂಗ್ ಹಿಡಿದು ತೂಕಡಿಸುವ ಅಪಾಯ ನಿನಗಿದೆ. ಮುಂದಿನ ವಾರ ಮೈಸೂರಿಗೆ ಬರುವಾಗ ಕಾರು ಬಿಟ್ಟು ಬಸ್ಸಿನಲ್ಲಿ ಬಾ.

ಇಂತಿ ನಿನ್ನ ಮಾವ