ಪೇಪರ್ ಕಳಿಸಿದ್ದೇನೆ ಅಪ್ಪ, ಇನ್ನು ಕಾಯಬೇಕು

ಗ್ಲಾಸ್ಗೋ
ಭಾನುವಾರ

ಅಪ್ಪ, ಅವ್ವ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಇಲ್ಲಿ ಚಳಿ ಜಾಸ್ತಿ, ಅಷ್ಟೇ.

ಅಪ್ಪ, ಮೊನ್ನೆ ಫೋನಿನಲ್ಲಿ, ನಮ್ಮೂರಿನ ಕಬ್ಬು ಬೆಳೆಗಾರರನ್ನು ಮಾತಾಡಿಸಿ ನಾನು ಬರೆದ ಮನಶ್ಶಾಸ್ತ್ರದ ಸಂಶೋಧನಾ ಪೇಪರ್ ಯಾವಾಗ ಬರುತ್ತೆ, ಎಷ್ಟು ದುಡ್ಡು ಕೊಡ್ತಾರೆ ಅಂತ ಕೇಳಿದಿರಿ. ಅಷ್ಟರಲ್ಲಿ ಲೈನ್ ಹೋಯಿತು. ಊರಿನವರೂ ಇದನ್ನೇ ಕೇಳ್ತಿದ್ದಾರೆ ಅಂದಿರಲ್ಲ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ದುಡ್ಡು ಕೊಡುವುದಿಲ್ಲ. ಬರೆದವರಿಗೂ ಇಲ್ಲ, ಓದಿ ತಪ್ಪು ಹುಡುಕುವವರಿಗೂ ಸಾಮಾನ್ಯವಾಗಿ ಇಲ್ಲ. ಯಾವಾಗ ಬರುತ್ತೆ ಅನ್ನುವುದು ನನ್ನ ಕೈಯಲ್ಲಿಲ್ಲ. ಹೋದ ವಾರ ಜರ್ನಲ್, ಅಂದರೆ ಸಂಶೋಧನೆ ಅಚ್ಚು ಹಾಕುವ ಪತ್ರಿಕೆಯ, ವೆಬ್‌ಸೈಟಿಗೆ ಅಪ್‌ಲೋಡ್ ಮಾಡಿದೆ. ಮೊದಲು ಎಡಿಟರ್ ನೋಡುತ್ತಾರೆ. ತಮ್ಮ ಜರ್ನಲ್‌ಗೆ ಹೊಂದುವುದಿಲ್ಲ ಅನಿಸಿದರೆ ಅಲ್ಲಿಂದಲೇ ವಾಪಸ್. ಹೊಂದುತ್ತೆ ಅಂದರೆ ಈ ವಿಷಯ ಬಲ್ಲ ಇಬ್ಬರು ಮೂವರಿಗೆ ಕಳಿಸುತ್ತಾರೆ, ಅವರು ಸಾಲು ಸಾಲು ಹಿಡಿದು ಪ್ರಶ್ನೆ ಹಾಕುತ್ತಾರೆ, ಅದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ತಿದ್ದಿ ಮತ್ತೆ ಕಳಿಸಿ ಅಂದರೆ ಅದೇ ಒಳ್ಳೆ ಸುದ್ದಿ. ಒಂದೇ ಸಲಕ್ಕೆ ಒಪ್ಪುವುದು ಬಹಳ ಅಪರೂಪ. ಅವರ ಉತ್ತರ ಬರುವ ತನಕ ಇನ್ನೊಂದು ಜರ್ನಲ್‌ಗೆ ಕಳಿಸುವ ಹಾಗೂ ಇಲ್ಲ.

ಬರೆಯುವುದಕ್ಕೂ ಕಟ್ಟುನಿಟ್ಟು ಇದೆ. ಅಮೆರಿಕದ ಮನಶ್ಶಾಸ್ತ್ರ ಸಂಘದ ಒಂದು ಕೈಪಿಡಿ ಇದೆ, ಎಪಿಎ ಅಂತಾರೆ, ಈಗ ನಡೆಯುತ್ತಿರುವುದು 2019ರ ಏಳನೇ ಆವೃತ್ತಿ. ಸಾಲುಗಳ ನಡುವೆ ದುಪ್ಪಟ್ಟು ಜಾಗ ಬಿಡಬೇಕು, ಸಾರಾಂಶ 250 ಪದ ದಾಟಬಾರದು, ಹೀಗೇ. ಇವೆಲ್ಲ ಕೂತರೆ ಮುಗಿಯುವ ಕೆಲಸ. ನನಗೆ ಹೊತ್ತು ಹಿಡಿದದ್ದು ನಮ್ಮೂರಿನವರ ಬಗ್ಗೆ ಬರೆಯುವ ಭಾಗ.

2013ರಲ್ಲಿ ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ಮಾಡಿದ ಒಂದು ಅಧ್ಯಯನ ಬಂತು. ಕಟಾವಿಗೆ ಮುಂಚೆ, ಕೈ ಖಾಲಿ ಇರುವಾಗ, ಯೋಚನೆ ಮಾಡುವ ಪರೀಕ್ಷೆಗಳಲ್ಲಿ ಅದೇ ಜನ ಕಡಿಮೆ ಅಂಕ ತೆಗೆದರು, ಕಟಾವು ಆದ ಮೇಲೆ ಜಾಸ್ತಿ ತೆಗೆದರು. ಬಡತನದ ಚಿಂತೆಯೇ ತಲೆಯನ್ನು ತುಂಬಿಕೊಳ್ಳುತ್ತದೆ ಅಂತ ಅವರ ಮಾತು. ಅದನ್ನು ಓದಿದಾಗಲೇ ನನಗೆ ನಮ್ಮ ಮನೆ ನೆನಪಾಯಿತು. ನಮ್ಮಲ್ಲಿ ಕಟಾವು ಆದ ದಿನ ದುಡ್ಡು ಎಲ್ಲಿ ಬರುತ್ತೆ? ಫ್ಯಾಕ್ಟರಿಗೆ ಕಬ್ಬು ಹಾಕಿದ 14 ದಿನದೊಳಗೆ ಅವರು ಹಣ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ, ಆದರೆ ಬಿಲ್ಲಿಗೆ ಎಷ್ಟು ಕಾಯುತ್ತೀರಿ ಅಂತ ನಿಮಗೇ ಗೊತ್ತು. ಆಲೆಮನೆಗೆ ಹಾಕಿದವರ ಲೆಕ್ಕವೇ ಬೇರೆ, ರೇಟು ಕಡಿಮೆಯಾದರೂ ದುಡ್ಡು ಬೇಗ ಕೈಗೆ ಬರುತ್ತೆ. ಅದಕ್ಕೇ ನಾನು ಎರಡನೇ ಸಲ ಬಂದು ಯೋಚನೆಯ ಪರೀಕ್ಷೆಗೆ ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸಿದ್ದು ಕಟಾವು ಆದ ಮೇಲಲ್ಲ, ದುಡ್ಡು ಕೈಗೆ ಬಂದ ಮೇಲೆ. ಯಾಕೆ ಮತ್ತೆ ಮತ್ತೆ ಬರ್ತೀಯ ಅಂತ ಕೆಲವರು ಕೇಳಿದರಲ್ಲ, ಕಾರಣ ಇದು.

ಯುರೋಪಿನಲ್ಲಿ ಕೂತು ಓದುವವರಿಗೆ ಇದು ತಾನಾಗಿ ಹೊಳೆಯುವುದಿಲ್ಲ. ನಮ್ಮ ಗೈಡ್ ಇದನ್ನು ಬಿಡಿಸಿ ಹೇಳುವ ಪ್ಯಾರಾವನ್ನು ಎರಡು ಸಾಲಿಗೆ ಇಳಿಸು ಅಂದರು. ನಾನು ಒಪ್ಪಲಿಲ್ಲ. ಬೇರೆ ಕಡೆ ಕತ್ತರಿಸಿ ಅದನ್ನು ಪೂರ್ತಿ ಉಳಿಸಿಕೊಂಡೆ. ಮನಶ್ಶಾಸ್ತ್ರದ ಬಹುಪಾಲು ಸಂಶೋಧನೆ ಶ್ರೀಮಂತ ಪಾಶ್ಚಾತ್ಯ ದೇಶಗಳವರನ್ನು, ಅದರಲ್ಲೂ ಕಾಲೇಜು ಹುಡುಗರನ್ನು ನೋಡಿ ಬರೆದದ್ದು ಅಂತ 2010ರಲ್ಲೇ ಜೋಸೆಫ್ ಹೆನ್ರಿಕ್ ಮತ್ತು ಜೊತೆಗಾರರು ಹೇಳಿದ್ದಾರೆ. ನಾಲೆ ಬಯಲಿನ ರೈತರ ಬಗ್ಗೆ ಬರೆಯುವಾಗ ಅವರ ಬದುಕು ನಡೆಯುವ ರೀತಿ ಸರಿಯಾಗಿ ಬರಬೇಕು, ಅಲ್ವಾ?

ಇನ್ನೊಂದು ಮಾತು, ಇದನ್ನು ಊರಿನಲ್ಲಿ ಖಂಡಿತ ಹೇಳಿ. ಯಾರ ಹೆಸರೂ ಬರುವುದಿಲ್ಲ, ಫೋಟೋ ಬರುವುದಿಲ್ಲ, ಊರಿನ ಹೆಸರೂ ಇಲ್ಲ. ಲೆಕ್ಕ ಸರಿ ಇದೆಯಾ ಅಂತ ಬೇರೆಯವರು ನೋಡಲಿ ಅಂತ ಉತ್ತರಗಳ ಫೈಲನ್ನೂ ಈಗ ಎಲ್ಲರಿಗೂ ಸಿಗುವ ಹಾಗೆ ಇಡಬೇಕು. 2015ರಲ್ಲಿ ಮನಶ್ಶಾಸ್ತ್ರದ 100 ಹಳೆ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಶೇ. 36ರಷ್ಟರಲ್ಲಿ ಮಾತ್ರ ಫಲಿತಾಂಶ ಗಟ್ಟಿಯಾಗಿ ನಿಂತಿತು, ಆಮೇಲೆ ಈ ಬಿಗಿ ಜಾಸ್ತಿಯಾಯಿತು. ಒಳ್ಳೆಯದೇ. ಆದರೆ ಚಿಕ್ಕ ಊರಿನಲ್ಲಿ ವಯಸ್ಸು, ಜಾತಿ, ಎಷ್ಟು ಎಕರೆ ಅಂತ ಮೂರೂ ಒಟ್ಟಿಗೆ ಇದ್ದರೆ ಹೆಸರೇ ಬೇಡ, ಯಾರು ಅಂತ ಗೊತ್ತಾಗಿಬಿಡುತ್ತೆ. ಹಾಗಾಗಿ ಜಾತಿ ತೆಗೆದೆ, ವಯಸ್ಸು ಮತ್ತು ಜಮೀನನ್ನು ಇಷ್ಟರಿಂದ ಇಷ್ಟು ಅಂತ ಮಾತ್ರ ಇಟ್ಟೆ. ಸಾಲದ ಬಗ್ಗೆ ನಂಬಿ ಹೇಳಿದವರ ಮಾತು ಹೊರಗೆ ಹೋಗುವುದಿಲ್ಲ.

ಚಿಕ್ಕಪ್ಪನ ಮಗಳ ವಿಷಯ. ಮೂರು ದಿನದಲ್ಲಿ ಪೇಪರ್ ಹಾಕಿಕೊಡುತ್ತೇವೆ, ದುಡ್ಡು ಕಳಿಸಿ ಅಂತ ಯಾರೋ ಅವಳಿಗೆ ವಾಟ್ಸಾಪ್ ಮಾಡಿದ್ದಾರಂತೆ. ಕೊಡಬೇಡ ಅನ್ನಿ. ಒಳ್ಳೆ ಜರ್ನಲ್‌ಗಳಲ್ಲೂ ಕೆಲವು ದುಡ್ಡು ಕೇಳುತ್ತವೆ, ಎಲ್ಲರಿಗೂ ಉಚಿತವಾಗಿ ಓದಲು ಸಿಗಲಿ ಅಂತ, ಆದರೆ ಅವು ಪರಿಶೀಲನೆ ಮಾಡಿ ಒಪ್ಪಿದ ಮೇಲೆ. ಮೂರು ದಿನದಲ್ಲಿ ಯಾರೂ ಸರಿಯಾಗಿ ಓದಲಾರರು. ಅವಳು ಕಲಿಯುತ್ತಿರುವುದು 1924ರಲ್ಲಿ ಎಂ. ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನಲ್ಲಿ ಶುರು ಮಾಡಿದ ಮನಶ್ಶಾಸ್ತ್ರ ವಿಭಾಗದ ಪರಂಪರೆಯಲ್ಲಿ. 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ಶುರು ಮಾಡಿದವರೂ ಅವರೇ ಅಪ್ಪ. ಅಂಥ ಕಡೆ ಓದುವ ಹುಡುಗಿಯ ಮೊದಲ ಪೇಪರ್ ಯಾರೂ ನಂಬದ ಕಡೆ ಬರುವುದು ನನಗೆ ಇಷ್ಟವಿಲ್ಲ. ಅವಳ ಡ್ರಾಫ್ಟ್ ನನಗೆ ಕಳಿಸಲಿ, ನಾನು ಓದಿ ತಿದ್ದಿಕೊಡುತ್ತೇನೆ, ಒಟ್ಟಿಗೆ ಕೂತು ಜರ್ನಲ್ ಆರಿಸೋಣ.

ನಮ್ಮ ಅಧ್ಯಯನದಲ್ಲಿ ಏನು ಗೊತ್ತಾಯಿತು ಅಂತ ಕನ್ನಡದಲ್ಲಿ ಒಂದು ಪುಟ ಬರೆಯುತ್ತಿದ್ದೇನೆ. ಜರ್ನಲ್‌ನವರ ಉತ್ತರ ಬಂದ ಮೇಲೆ ಕಳಿಸುತ್ತೇನೆ. ಪ್ರಿಂಟ್ ಹಾಕಿಸಿ, ಸಂಜೆ ಡೇರಿಗೆ ಹಾಲು ಹಾಕಲು ಎಲ್ಲ ಬರುವಾಗ ಓದಿ ಹೇಳಿ. ಇದು ಹೀಗಲ್ಲ ಅಂತ ಯಾರಾದರೂ ಅಂದರೆ ಬರೆದಿಟ್ಟುಕೊಂಡು ನನಗೆ ತಿಳಿಸಿ.

ನಿಮ್ಮ ಮಗಳು